ಈ ರೋಗಿ ಯಾರ ರೋಗಿ? ಮಹಾನಗರದ ಕುಟುಂಬ ವೈದ್ಯ ಸೇವೆಯನ್ನು ಹಳಿಗೆ ತರುವ ಬಗೆ

ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರು ನಮ್ಮ ಕ್ಲಿನಿಕ್‌ಗೆ ಬಂದು, ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದರು. ಹದಿನಾಲ್ಕು ಬಗೆಯ ಮಾತ್ರೆಗಳು. ನರ್ಸ್ ಒಂದೊಂದೇ ಸ್ಟ್ರಿಪ್ ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುತ್ತ ಸಾಲಾಗಿ ಜೋಡಿಸಿದರು. ಮೂರು ಸ್ಟ್ರಿಪ್‌ಗಳ ಮೇಲೆ ಮೂರು ಬೇರೆ ಬೇರೆ ಕಂಪನಿಗಳ ಹೆಸರು. ಒಳಗಿದ್ದ ಔಷಧ ಮಾತ್ರ ಒಂದೇ, ರಕ್ತದೊತ್ತಡ ಇಳಿಸುವ ಮಾತ್ರೆ. ಒಂದನ್ನು ಹೃದಯ ತಜ್ಞರು ಬರೆದಿದ್ದರು. ಇನ್ನೊಂದನ್ನು ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ಕೊಟ್ಟಿದ್ದರು. ಮೂರನೆಯದು ನಮ್ಮ ಕ್ಲಿನಿಕ್‌ನಲ್ಲಿಯೇ ಬರೆದದ್ದು. ಎದ್ದು ನಿಂತಾಗಲೆಲ್ಲ ತಲೆ ಸುತ್ತುತ್ತದೆ ಎಂಬುದು ಅವರ ದೂರು. ಆ ತಲೆಸುತ್ತಿಗೆಂದು ನಾಲ್ಕನೆಯ ವೈದ್ಯರೊಬ್ಬರು ಬರೆದ ಮಾತ್ರೆಯೂ ಅದೇ ರಾಶಿಯಲ್ಲಿತ್ತು.

ಅವರಿಗೆ ವೈದ್ಯರ ಕೊರತೆ ಇರಲಿಲ್ಲ. ಊರೆಲ್ಲ ನೆಂಟರು, ಉಣ್ಣಲು ಅನ್ನವಿಲ್ಲ ಎನ್ನುವಂತೆ, ನಾಲ್ಕು ಮಂದಿ ನೋಡುತ್ತಿದ್ದರೂ "ಇವರು ನನ್ನ ರೋಗಿ, ಇವರ ಇಡೀ ಲೆಕ್ಕ ನನ್ನ ಬಳಿ ಇದೆ" ಎನ್ನುವವರು ಒಬ್ಬರೂ ಇರಲಿಲ್ಲ.

ಮಹಾನಗರಗಳಲ್ಲಿ ಕುಟುಂಬ ವೈದ್ಯ ಸೇವೆಯ ಬಗ್ಗೆ ಕೇಳಿಬರುವ ದೂರುಗಳು ಮುಖ್ಯವಾಗಿ ಎರಡು. ಬೇಕಾದಾಗ ವೈದ್ಯರು ಸಿಗುವುದಿಲ್ಲ ಎಂಬುದು ಒಂದು. ಸಿಕ್ಕರೂ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೊಸ ಆ್ಯಪ್, ಎರಡನೆಯದಕ್ಕೆ ಒಂದು ಸಮಿತಿ ಎಂದು ಎರಡನ್ನೂ ಬೇರೆ ಬೇರೆಯಾಗಿ ನೋಡುವ ರೂಢಿ ಇದೆ. ಕ್ಲಿನಿಕ್‌ನ ಸರದಿ, ಕಡತ, ಫೋನು, ದೂರು ಎಲ್ಲವನ್ನೂ ವರ್ಷಗಟ್ಟಲೆ ನೋಡಿಕೊಂಡ ಮೇಲೆ ನನಗೆ ಖಚಿತವಾಗಿರುವುದು, ಇವೆರಡರ ಬೇರು ಒಂದೇ ಎಂಬುದು. ಯಾರ ರೋಗಿಯೂ ಅಲ್ಲದ ರೋಗಿ ಪ್ರತಿ ಸಲವೂ ಹೊಸಬರಂತೆ ಮೊದಲಿನಿಂದ ಕಥೆ ಹೇಳಬೇಕು. ಅದೇ ಪರೀಕ್ಷೆ ಮತ್ತೆ ಆಗುತ್ತದೆ, ಅನುಮಾನ ಉಳಿಯುತ್ತದೆ, ಅವರು ಮತ್ತೊಮ್ಮೆ ಬರುತ್ತಾರೆ. ಹೀಗೆ ಮತ್ತೊಮ್ಮೆ ಬಂದವರಿಂದಲೇ ಸರದಿ ತುಂಬಿ, ಇವತ್ತು ಜ್ವರ ಬಂದವರಿಗೆ ಜಾಗ ಇಲ್ಲದಂತಾಗುತ್ತದೆ.

ನಾರ್ವೆಯಲ್ಲಿ 2001ರಿಂದ ಪ್ರತಿಯೊಬ್ಬ ನಿವಾಸಿಗೂ ಹೆಸರು ಹಿಡಿದು ಒಬ್ಬ ಕುಟುಂಬ ವೈದ್ಯರನ್ನು ಪಡೆಯುವ ಹಕ್ಕಿದೆ. ಅಲ್ಲಿನ ದಾಖಲೆಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹದಿನೈದು ವರ್ಷಕ್ಕಿಂತ ಹೆಚ್ಚು ಕಾಲ ಒಬ್ಬರೇ ವೈದ್ಯರ ಬಳಿ ಇದ್ದವರನ್ನು ಒಂದು ವರ್ಷ ಮಾತ್ರ ಇದ್ದವರ ಜೊತೆ ಹೋಲಿಸಿದರು. ಹೊತ್ತಲ್ಲದ ಹೊತ್ತಿನಲ್ಲಿ ತುರ್ತು ವೈದ್ಯರನ್ನು ಹುಡುಕಿಕೊಂಡು ಹೋಗುವ ಸಾಧ್ಯತೆ ಸುಮಾರು ಶೇ 30, ತುರ್ತಾಗಿ ಆಸ್ಪತ್ರೆ ಸೇರುವ ಸಾಧ್ಯತೆ ಸುಮಾರು ಶೇ 28, ಸಾವಿನ ಸಾಧ್ಯತೆ ಸುಮಾರು ಶೇ 25ರಷ್ಟು ಕಡಿಮೆ ಇತ್ತು. ಇಂಥ ಹೋಲಿಕೆಯಿಂದಲೇ ಕಾರಣ ಇದೇ ಎಂದು ಸಾಧಿಸಿ ತೋರಿಸಲು ಆಗುವುದಿಲ್ಲ, ನಿಜ. ಆದರೂ ಒಂದು ಹೊಸ ಔಷಧ ಇಷ್ಟು ಮಾಡಿದ್ದರೆ ನಾವು ಅದನ್ನು ತರಿಸಿಕೊಳ್ಳದೆ ಬಿಡುತ್ತಿರಲಿಲ್ಲ. ಹಿಂದಿನವರು ಕೈಗುಣ ಎಂದದ್ದರಲ್ಲಿ ಬಹುಪಾಲು ಇದೇ ಇರಬೇಕು: ರೋಗಿಯನ್ನು ಬಲ್ಲ ವೈದ್ಯ, ವೈದ್ಯರನ್ನು ನಂಬುವ ರೋಗಿ.

ಮುಂದಿನ ಹಂತಗಳು ಕ್ಲಿನಿಕ್ ನಡೆಸುವ ವೈದ್ಯರು, ನರ್ಸ್‌ಗಳು, ಕೌಂಟರ್ ಸಿಬ್ಬಂದಿ, ವ್ಯವಸ್ಥಾಪಕರಿಗಾಗಿ ಬರೆದವು. ಕ್ರಮ ಮುಖ್ಯ. ಮೊದಲೆರಡನ್ನು ಹಾರಿಸಿ ಮೂರನೆಯದಕ್ಕೆ ಹೋದ ಕ್ಲಿನಿಕ್‌ಗಳು ಕೆಲವೇ ತಿಂಗಳಲ್ಲಿ ಮೊದಲಿನ ಸ್ಥಿತಿಗೇ ಮರಳಿದ್ದನ್ನು ಕಂಡಿದ್ದೇನೆ.

ಹಂತ 1: ಪ್ರತಿ ರೋಗಿಯ ಹೆಸರಿನ ಪಕ್ಕ ಒಬ್ಬ ವೈದ್ಯರ ಹೆಸರು

ಐದಾರು ವೈದ್ಯರಿರುವ ಕ್ಲಿನಿಕ್‌ನಲ್ಲಿ "ನಮ್ಮ ರೋಗಿಗಳು" ಎಂಬ ಒಂದೇ ದೊಡ್ಡ ರಾಶಿ ಇರುತ್ತದೆ. ಮೊದಲು ಅದನ್ನು ಬಿಡಿಸಿ ಪಟ್ಟಿ ಮಾಡಿ. ಕಳೆದ ಒಂದೂವರೆ ವರ್ಷದ ಭೇಟಿಗಳನ್ನು ತೆಗೆಯಿರಿ. ಒಬ್ಬರೇ ವೈದ್ಯರನ್ನು ಕಂಡವರು ಆ ವೈದ್ಯರ ಪಟ್ಟಿಗೆ ಸೇರಲಿ. ಹಲವರನ್ನು ಕಂಡಿದ್ದರೆ, ಯಾರನ್ನು ಹೆಚ್ಚು ಸಲ ಕಂಡಿದ್ದಾರೋ ಅವರ ಪಟ್ಟಿಗೆ. ಎಲ್ಲರನ್ನೂ ಸಮಸಮವಾಗಿ ಕಂಡಿದ್ದರೆ, ಪೂರ್ತಿ ತಪಾಸಣೆ ಮಾಡಿದವರ ಪಟ್ಟಿಗೆ. ಅಂಥ ತಪಾಸಣೆಯೂ ಆಗಿಲ್ಲದಿದ್ದರೆ ಕೊನೆಯ ಸಲ ಕಂಡವರ ಪಟ್ಟಿಗೆ. ನಾಲ್ಕು ಸಲ ಜರಡಿ ಹಿಡಿದರೆ ಬಹುತೇಕ ಎಲ್ಲರಿಗೂ ಒಂದು ಜಾಗ ಸಿಗುತ್ತದೆ.

ಪಟ್ಟಿ ಸಿದ್ಧವಾದ ಮೇಲೆ ರೋಗಿಯನ್ನು ಕೇಳಬೇಕು. "ನಿಮ್ಮ ವೈದ್ಯರು ಇವರು ಎಂದು ಬರೆದುಕೊಂಡಿದ್ದೇವೆ, ಸರಿಯೇ?" ಎಂದು ಮುಂದಿನ ಭೇಟಿಯಲ್ಲಿ ಕೌಂಟರ್‌ನಲ್ಲಿಯೇ ಕೇಳಿದರೆ ಸಾಕು. ಬೇರೆಯವರು ಬೇಕೆಂದರೆ ಕಾರಣ ಕೇಳದೆ ಬದಲಿಸಿ. ಮಹಿಳಾ ವೈದ್ಯರೇ ಬೇಕು ಎನ್ನುವವರು ಕಾರಣ ಹೇಳಬೇಕಾದ ಸ್ಥಿತಿ ಬರಬಾರದು.

ನಗರದ ಕ್ಲಿನಿಕ್‌ಗಳಲ್ಲಿ ವಾರಕ್ಕೆ ಎರಡೋ ಮೂರೋ ದಿನ ಮಾತ್ರ ಬರುವ ವೈದ್ಯರು ಹೆಚ್ಚು. ಅಂಥವರನ್ನು ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರು ಇಲ್ಲದ ದಿನ ಇನ್ನೊಬ್ಬರು ಇರುವಂತೆ. ಜೋಡಿಗೆ ಒಬ್ಬರೇ ನರ್ಸ್ ಇರಲಿ. ವೈದ್ಯರು ಬದಲಾದರೂ ಮುಖ ಪರಿಚಯ ಇರುವ ನರ್ಸ್ ಇದ್ದರೆ ಎಳೆ ತಪ್ಪುವುದಿಲ್ಲ. ರೋಗಿಗೂ ಎರಡೇ ಹೆಸರು ನೆನಪಿಡುವುದು ಕಷ್ಟವಲ್ಲ.

ಹಂತ 2: ಎಷ್ಟು ಮಂದಿ ಕೇಳುತ್ತಿದ್ದಾರೆ ಎಂದು ನಿಜವಾಗಿ ಎಣಿಸಿ

ಹೆಚ್ಚಿನ ಕ್ಲಿನಿಕ್‌ಗಳು ಎಷ್ಟು ಮಂದಿಯನ್ನು ನೋಡಿದೆವು ಎಂದು ಲೆಕ್ಕ ಇಡುತ್ತವೆ. ಎಷ್ಟು ಮಂದಿ ಕೇಳಿದರು ಎಂಬುದು ಅಲ್ಲಿ ಇರುವುದೇ ಇಲ್ಲ. ಎರಡು ವಾರ ಕೌಂಟರ್‌ನಲ್ಲಿ ಒಂದು ನೋಟ್‌ಬುಕ್ ಇಡಿ. ಫೋನು, ಆ್ಯಪ್, ನೇರವಾಗಿ ಬಂದವರು, ಹೀಗೆ ಯಾವ ದಾರಿಯಿಂದ ಬಂದ ಕೋರಿಕೆಯಾದರೂ ಒಂದು ಗೆರೆ ಎಳೆಯಿರಿ. ಮುಖ್ಯವಾದದ್ದು, ಕೊಟ್ಟ ದಿನವನ್ನಲ್ಲ, ಅವರು ಕೇಳಿದ ದಿನವನ್ನು ಬರೆಯಬೇಕು. "ಇವತ್ತು ಆಗುವುದಿಲ್ಲ" ಎಂದು ಬಂದ ದಾರಿಗೆ ಸುಂಕವಿಲ್ಲದಂತೆ ಹಿಂತಿರುಗಿದವರಿಗೂ ಒಂದು ಅಂಕಣ ಬೇಕು. ಫೋನು ಎತ್ತುವ ಮೊದಲೇ ಕಡಿದುಹೋದ ಕರೆಗಳ ಸಂಖ್ಯೆ ಸಿಗುವುದಾದರೆ ಅದನ್ನೂ ಸೇರಿಸಿ.

ಆಮೇಲೆ ಪ್ರತಿ ವೈದ್ಯರಿಗೂ ಒಂದು ಸರಳ ಗುಣಾಕಾರ. ಪಟ್ಟಿಯಲ್ಲಿ 2,000 ಮಂದಿ, ಒಬ್ಬೊಬ್ಬರು ವರ್ಷಕ್ಕೆ ಸರಾಸರಿ 3 ಸಲ ಬರುತ್ತಾರೆ ಎಂದುಕೊಳ್ಳಿ. ಬೇಕಾದ ಭೇಟಿಗಳು 6,000. ಆ ವೈದ್ಯರು ದಿನಕ್ಕೆ 24 ಮಂದಿಯನ್ನು ವರ್ಷಕ್ಕೆ 220 ದಿನ ನೋಡಿದರೆ ಆಗುವುದು 5,280. ಕೊರತೆ 720. ಈ 720 ಇರುವವರೆಗೆ ಯಾವ ಸಾಫ್ಟ್‌ವೇರ್ ತಂದರೂ ಸರದಿ ಬೆಳೆಯುತ್ತಲೇ ಹೋಗುತ್ತದೆ.

ಕೊರತೆ ತುಂಬಲು ಎಲ್ಲರಿಗೂ ಮೊದಲು ಹೊಳೆಯುವುದು ಇನ್ನೊಬ್ಬ ವೈದ್ಯರನ್ನು ನೇಮಿಸುವುದು. ಅದಕ್ಕೂ ಮೊದಲು ವೈದ್ಯರ ಮುಂದೆ ಕುಳಿತವರಲ್ಲಿ ಎಷ್ಟು ಮಂದಿ ಅಲ್ಲಿ ಇರಬೇಕಾಗಿರಲಿಲ್ಲ ಎಂದು ನೋಡಿ. ಮಾತ್ರೆ ಮುಗಿದಿದೆ, ಅದನ್ನೇ ಮತ್ತೆ ಬರೆಸಬೇಕು ಎಂದು ಬಂದವರು. ಪರೀಕ್ಷೆಯ ವರದಿ ಸರಿಯಾಗಿದೆ ಎಂಬ ಒಂದು ಮಾತು ಕೇಳಲು ಅರ್ಧ ದಿನ ರಜೆ ಹಾಕಿ ಬಂದವರು. ಕೆಲಸದ ಸ್ಥಳಕ್ಕೆ ಪ್ರಮಾಣಪತ್ರ ಬೇಕಾದವರು. ಬಿಪಿ ನೋಡಿಸಲು, ಗಾಯದ ಪಟ್ಟಿ ಬದಲಿಸಲು ಬಂದವರು. ಇವರಲ್ಲಿ ಅನೇಕರ ಕೆಲಸವನ್ನು ನರ್ಸ್, ಔಷಧ ತಜ್ಞರು ಅಥವಾ ಒಂದು ಫೋನ್ ಕರೆ ಮುಗಿಸಬಹುದು. "ಒಂದು ತಿಂಗಳು ಬಿಟ್ಟು ಬನ್ನಿ" ಎನ್ನುವುದು ವೈದ್ಯರ ಬಾಯಿಗೆ ರೂಢಿಯಾದ ಮಾತು. ವರ್ಷದಿಂದ ಬಿಪಿ ಹತೋಟಿಯಲ್ಲಿರುವವರಿಗೆ ಮೂರೋ ಆರೋ ತಿಂಗಳು ಸಾಲುವುದಾದರೆ ಹಾಗೆಯೇ ಹೇಳಲಿ.

ಹಂತ 3: ಬಾಕಿ ತೀರಿಸಿ, ಇವತ್ತಿನ ಕೆಲಸ ಇವತ್ತು ಮಾಡಿ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ.

ಮೂರು ವಾರ ಕಾಯಬೇಕು ಎಂದರೆ ಕ್ಲಿನಿಕ್‌ಗೆ ಶಕ್ತಿ ಸಾಲದು ಎಂದೇ ಅರ್ಥವಲ್ಲ. ಕಾಯುವ ಕಾಲ ವರ್ಷವಿಡೀ ಮೂರು ವಾರವಾಗಿಯೇ ನಿಂತಿದ್ದರೆ, ಬರುವವರೂ ನೋಡುವವರೂ ಸರಿಸಮವಾಗಿದ್ದಾರೆ, ಹಳೆಯ ಬಾಕಿಯೊಂದು ಬೆನ್ನಿಗೆ ಅಂಟಿಕೊಂಡಿದೆ ಎಂದರ್ಥ. ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದ ಕೈಸರ್ ಪರ್ಮನೆಂಟೆ ಸಂಸ್ಥೆಯಲ್ಲಿ ವೈದ್ಯ ಮಾರ್ಕ್ ಮರ್ರೆ ಮತ್ತು ನರ್ಸ್ ಕ್ಯಾಥರೀನ್ ಟಾಂಟೌ 1990ರ ದಶಕದಲ್ಲಿ ಹಿಡಿದ ದಾರಿ ಇದು: ಬಾಕಿಯನ್ನು ಒಮ್ಮೆ ತೀರಿಸಿ, ಆಮೇಲೆ ಇವತ್ತು ಕೇಳಿದವರನ್ನು ಇವತ್ತೇ ನೋಡುವುದು. ವರ್ಷದೊಳಗೆ ಅಲ್ಲಿ ಕಾಯುವ ಕಾಲ 55 ದಿನದಿಂದ 1 ದಿನಕ್ಕೆ ಇಳಿಯಿತು.

ಮಾಡುವ ಬಗೆ ಹೀಗೆ. ಆರರಿಂದ ಎಂಟು ವಾರದ ಅವಧಿಯನ್ನು ಬಾಕಿ ತೀರಿಸಲೆಂದೇ ಗುರುತಿಸಿಕೊಳ್ಳಿ. ಆಗ ಪ್ರತಿ ವೈದ್ಯರು ದಿನಕ್ಕೆ ಎರಡು ಮೂರು ಮಂದಿಯನ್ನು ಹೆಚ್ಚು ನೋಡಬೇಕಾಗುತ್ತದೆ. ಅದಕ್ಕೆ ತಕ್ಕ ಸಂಬಳವನ್ನೋ ಬಿಡುವನ್ನೋ ಕೊಡುವುದಾಗಿ ಮೊದಲೇ ಮಾತಾಗಿರಲಿ. ಮುಂದಿನ ವಾರಗಳಲ್ಲಿ ಸಮಯ ಪಡೆದವರಿಗೆ ಫೋನ್ ಮಾಡಿ, "ಈ ವಾರವೇ ಬರಬಹುದು, ಬರುತ್ತೀರಾ?" ಎಂದು ಕೇಳಿ. ಕೆಲವರ ಸಮಸ್ಯೆ ಅಷ್ಟರಲ್ಲಿ ತಾನೇ ವಾಸಿಯಾಗಿರುತ್ತದೆ. ಕೆಲವರದು ಫೋನಿನಲ್ಲಿಯೇ ಮುಗಿಯುತ್ತದೆ. ಇನ್ನು ಕೆಲವರು ಬೇರೆಲ್ಲೋ ತೋರಿಸಿಕೊಂಡಿರುತ್ತಾರೆ; ಎಲ್ಲಿ, ಏನು ಹೇಳಿದರು ಎಂದು ಅವರನ್ನು ಕೇಳಿ ಬರೆದುಕೊಳ್ಳಿ.

ಬಾಕಿ ತೀರಿದ ಮೇಲೆ ದಿನದ ಸಮಯದ ಒಂದು ದೊಡ್ಡ ಪಾಲನ್ನು ಅದೇ ದಿನ ಕೇಳಿದವರಿಗೆ ಬಿಟ್ಟಿಡಿ. ಎಷ್ಟು ಎಂಬುದನ್ನು ನಿಮ್ಮ ಎರಡು ವಾರದ ನೋಟ್‌ಬುಕ್ಕೇ ಹೇಳುತ್ತದೆ. ರಜೆ ಮುಗಿದ ಮರುದಿನ ಬೇಡಿಕೆ ಹೆಚ್ಚಿರುವುದು ಎಲ್ಲ ಕಡೆ ಕಾಣುವ ಮಾತು; ಆ ದಿನ ಮುಂಗಡ ಸಮಯಗಳನ್ನು ಕಡಿಮೆ ಮಾಡಿ, ಸಭೆಗಳನ್ನು ಇಟ್ಟುಕೊಳ್ಳಬೇಡಿ. ಕಾಯುವ ಕಾಲ ಕಡಿಮೆಯಾದಂತೆ ಸಮಯ ಪಡೆದೂ ಬಾರದವರ ಸಂಖ್ಯೆ ಕೂಡ ಇಳಿಯುತ್ತದೆ. ಮೂರು ವಾರದ ಹಿಂದೆ ಪಡೆದ ಸಮಯವನ್ನು ಮರೆಯುವುದು ಸುಲಭ, ಬೆಳಿಗ್ಗೆ ಪಡೆದದ್ದನ್ನು ಯಾರೂ ಮರೆಯುವುದಿಲ್ಲ.

ಒಂದು ಎಚ್ಚರಿಕೆ. ಬ್ರಿಟನ್‌ನಲ್ಲಿ 2000ದ ಆರೋಗ್ಯ ಯೋಜನೆಯು, 2004ರೊಳಗೆ ಪ್ರತಿ ರೋಗಿಗೂ 48 ಗಂಟೆಯೊಳಗೆ ಕುಟುಂಬ ವೈದ್ಯರು ಸಿಗಬೇಕು ಎಂಬ ಗುರಿ ಇಟ್ಟಿತು. ಗುರಿ ಮುಟ್ಟಿದಂತೆ ತೋರಿಸಲು ಕೆಲವು ಕ್ಲಿನಿಕ್‌ಗಳು ಎರಡು ದಿನಕ್ಕಿಂತ ಮುಂದಿನ ಸಮಯ ಕೊಡುವುದನ್ನೇ ನಿಲ್ಲಿಸಿದವು. ಮುಂದಿನ ವಾರ ಬರುತ್ತೇನೆ ಎಂದರೂ ಬರೆದುಕೊಳ್ಳುವವರಿಲ್ಲ. ಬೆಳಿಗ್ಗೆ ಎದ್ದು ಫೋನಿಗಾಗಿ ಹೊಡೆದಾಡಬೇಕು. 2005ರ ಚುನಾವಣೆಯ ಹೊತ್ತಿನಲ್ಲಿ ಟಿವಿ ಕಾರ್ಯಕ್ರಮವೊಂದರಲ್ಲಿ ಜನ ಇದನ್ನು ಪ್ರಧಾನಿ ಟೋನಿ ಬ್ಲೇರ್ ಅವರ ಮುಂದಿಟ್ಟಾಗ ಅವರಿಗೆ ಅದು ಹೊಸ ಸುದ್ದಿಯಾಗಿತ್ತು. ಮಧುಮೇಹದ ತಪಾಸಣೆಗೆ ಮುಂದಿನ ತಿಂಗಳ ಸಮಯ ಬೇಕಾದವರು, ರಜೆ ಹೊಂದಿಸಿಕೊಳ್ಳಬೇಕಾದವರು, ಜೊತೆಗೆ ಬರಲು ಮಗಳನ್ನು ಕರೆಯಬೇಕಾದ ಹಿರಿಯರು, ಇವರಿಗೆ ಮುಂಗಡ ಸಮಯವೇ ಅನುಕೂಲ. ಹಾಗಾಗಿ ಎರಡೂ ಬಾಗಿಲು ತೆರೆದಿರಲಿ. ಇವತ್ತೇ ಬೇಕು ಎನ್ನುವವರಿಗೆ ತಮ್ಮ ವೈದ್ಯರೇ ಬೇಕೋ, ಯಾರಾದರೂ ಆದೀತೋ ಎಂದು ಕೇಳಿ. ಗಂಟಲು ನೋವಿಗೆ ಯಾರಾದರೂ ಆದೀತು. ಎರಡು ತಿಂಗಳಿಂದ ತೂಕ ಇಳಿಯುತ್ತಿರುವವರು ಒಂದು ದಿನ ಕಾದಾದರೂ ತಮ್ಮ ವೈದ್ಯರನ್ನೇ ಕಾಣುವುದು ಒಳ್ಳೆಯದು.

ಹಂತ 4: ಫೋನು ಎತ್ತುವವರ ಕೈಗೆ ಬಲ ಕೊಡಿ

ರೋಗಿಯ ಪಾಲಿಗೆ ಕ್ಲಿನಿಕ್ ಎಂದರೆ ಮೊದಲು ಕೇಳುವ ದನಿ. ಕೌಂಟರ್ ಸಿಬ್ಬಂದಿಯನ್ನು ಎಲ್ಲರೂ ಬಯ್ಯುತ್ತಾರೆ, ಅವರಿಗೆ ತರಬೇತಿ ಮಾತ್ರ ಯಾರೂ ಕೊಡುವುದಿಲ್ಲ. ಇದು ಅನ್ಯಾಯ, ಅಪಾಯವೂ ಹೌದು.

ಫೋನಿನ ಪಕ್ಕ ಒಂದು ಹಾಳೆ ಅಂಟಿಸಿ. ಎದೆನೋವು ಅಥವಾ ಎದೆ ಹಿಂಡಿದಂತಾಗುವುದು, ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕೈ ಅಥವಾ ಕಾಲಿನ ಬಲ ಹಠಾತ್ ಕುಂದುವುದು, ಉಸಿರಾಡಲು ಕಷ್ಟ, ನಿಲ್ಲದ ರಕ್ತಸ್ರಾವ, ಪ್ರಜ್ಞೆ ತಪ್ಪುವುದು, ಫಿಟ್ಸ್, ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಜ್ವರ, ಬದುಕು ಬೇಡ ಎನ್ನುವ ಮಾತು. ಇವುಗಳಲ್ಲಿ ಯಾವುದನ್ನು ಕೇಳಿದರೂ ಸಮಯ ಕೊಡುವ ಮಾತೇ ಇಲ್ಲ. ಕರೆಯನ್ನು ಕಡಿಯದೆ ವೈದ್ಯರಿಗೋ ನರ್ಸ್‌ಗೋ ಕೊಡಬೇಕು, ತುರ್ತು ಸೇವೆಗೆ ಕರೆ ಹೋಗಬೇಕು. ವೈದ್ಯರು ರೋಗಿಯ ಜೊತೆ ಇದ್ದರೂ ಬಾಗಿಲು ತಟ್ಟಬಹುದು ಎಂಬ ಅನುಮತಿ ಬಾಯಿಮಾತಿನಲ್ಲಿ ಇದ್ದರೆ ಸಾಲದು, ಆ ಹಾಳೆಯ ಮೇಲೆಯೇ ಬರೆದಿರಲಿ. ಬಯ್ಗುಳಕ್ಕೆ ಹೆದರಿ ಬಾಗಿಲು ತಟ್ಟದೆ ಕಾದ ಹುಡುಗಿಯೊಬ್ಬಳನ್ನು ನಾನು ಕಂಡಿದ್ದೇನೆ. ಆ ದಿನ ರೋಗಿ ಉಳಿದುಕೊಂಡರು. ಮರುದಿನವೇ ಹಾಳೆಗೆ ಆ ಸಾಲು ಸೇರಿಸಿದೆವು.

ಉಳಿದ ಕರೆಗಳಿಗೆ, "ಏನು ತೊಂದರೆ ಎಂದು ಒಂದು ಮಾತಿನಲ್ಲಿ ಹೇಳಿದರೆ ಸರಿಯಾದವರ ಬಳಿ ಕಳುಹಿಸುತ್ತೇನೆ, ಹೇಳಲು ಇಷ್ಟವಿಲ್ಲದಿದ್ದರೆ ಪರವಾಗಿಲ್ಲ" ಎಂಬ ಮಾತು ಚೆನ್ನಾಗಿ ಕೆಲಸ ಮಾಡುತ್ತದೆ. ವಾಪಸ್ ಕರೆ ಮಾಡುತ್ತೇವೆ ಎಂದು ಹೇಳಿದರೆ ಎಷ್ಟು ಗಂಟೆಯೊಳಗೆ ಎಂದೂ ಹೇಳಿ, ಹೇಳಿದಂತೆ ಮಾಡಿ.

ಹಂತ 5: ಬಾರದೆ ಉಳಿದವರನ್ನು ಹುಡುಕಿ

ವೇಲ್ಸ್‌ನ ಗಣಿ ಕಾರ್ಮಿಕರ ಹಳ್ಳಿಯಲ್ಲಿ ಕುಟುಂಬ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಒಂದು ನಿಯಮ ಹೇಳಿದರು: ಒಳ್ಳೆಯ ವೈದ್ಯಕೀಯ ಆರೈಕೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ. ಮಹಾನಗರದಲ್ಲಿ ಇದು ಒಂದೇ ಬೀದಿಯ ಎರಡು ತುದಿಗಳಲ್ಲಿ ಕಾಣುತ್ತದೆ. ಆ್ಯಪ್ ತಂದ ದಿನದಿಂದ ಸಮಯ ಸುಲಭವಾಗಿ ಸಿಗುವುದು ಬೆರಳು ಚುರುಕಾಗಿರುವವರಿಗೆ. ಓದಲು ಬಾರದವರು, ದಿನಗೂಲಿಯವರು, ಈಗಷ್ಟೇ ವಲಸೆ ಬಂದವರು, ಕಣ್ಣು ಮಂಜಾದವರು ಹಿಂದೆ ಉಳಿಯುತ್ತಾರೆ. ಆದ್ದರಿಂದ ಫೋನಿಗೂ ನೇರವಾಗಿ ಬರುವವರಿಗೂ ಒಂದು ಪಾಲು ಸಮಯ ಮೀಸಲಿಡಿ. ಅದನ್ನು ಆ್ಯಪ್ ಮುಟ್ಟದಿರಲಿ. ವಾರಕ್ಕೆ ಒಂದೆರಡು ಸಂಜೆ ಕೆಲಸದ ಹೊತ್ತು ಮುಗಿದ ಮೇಲೂ ಬಾಗಿಲು ತೆರೆದಿರಲಿ.

ಭಾಷೆ ಬಾರದವರ ಜೊತೆ ಬಂದ ಮಗುವನ್ನು ದುಭಾಷಿ ಮಾಡಬೇಡಿ. ತಾಯಿಯ ಮುಟ್ಟಿನ ತೊಂದರೆಯನ್ನೋ ತಂದೆಯ ಕುಡಿತವನ್ನೋ ಹತ್ತು ವರ್ಷದ ಮಗು ವೈದ್ಯರಿಗೆ ತಿಳಿಸಬೇಕಾದ ಸ್ಥಿತಿ ಇಬ್ಬರಿಗೂ ಕ್ರೂರ. ಫೋನಿನಲ್ಲಿಯಾದರೂ ಒಬ್ಬ ದೊಡ್ಡವರು, ಸಾಧ್ಯವಾದರೆ ತರಬೇತಿ ಪಡೆದವರು, ಭಾಷಾಂತರಿಸಲಿ.

ಬ್ರೆಜಿಲ್ 1994ರಲ್ಲಿ ಆರಂಭಿಸಿದ ಕುಟುಂಬ ಆರೋಗ್ಯ ಕಾರ್ಯಕ್ರಮದಿಂದ ಕಲಿಯುವುದು ಬಹಳ ಇದೆ. ಒಬ್ಬ ವೈದ್ಯರು, ಒಬ್ಬ ನರ್ಸ್, ಅದೇ ಬಡಾವಣೆಯಿಂದ ಬಂದ ಆರೋಗ್ಯ ಕಾರ್ಯಕರ್ತರು ಸೇರಿದ ಒಂದು ತಂಡ. ಆ ತಂಡಕ್ಕೆ ನಕ್ಷೆಯ ಮೇಲೆ ಗುರುತಿಸಿದ ಒಂದು ಪ್ರದೇಶ, ಕೆಲವು ಸಾವಿರ ಜನ. ಕಾರ್ಯಕರ್ತರು ಮನೆಮನೆಗೆ ಹೋಗುತ್ತಾರೆ, ಕ್ಲಿನಿಕ್‌ಗೆ ಬಾರದವರನ್ನೂ ಬಲ್ಲರು. ನಿಮಗೆ ಅಂಥ ತಂಡ ಇಲ್ಲದಿದ್ದರೂ ಒಂದು ಕೆಲಸ ಸಾಧ್ಯ. ಮಧುಮೇಹ, ಬಿಪಿ, ಫಿಟ್ಸ್, ಮಾನಸಿಕ ಕಾಯಿಲೆ ಇದ್ದು ಆರು ತಿಂಗಳಿಂದ ಮುಖ ತೋರಿಸದವರ ಪಟ್ಟಿ ತೆಗೆಯಿರಿ. ವಾರಕ್ಕೆ ಹತ್ತು ಮಂದಿಗೆ ನರ್ಸ್ ಫೋನ್ ಮಾಡಲಿ. "ಯಾಕೆ ಬರಲಿಲ್ಲ" ಎಂದು ಕೇಳಬಾರದು. "ಹೇಗಿದ್ದೀರಿ" ಎಂದು ಕೇಳಬೇಕು.

ಹಂತ 6: ತಜ್ಞರಿಗೆ ಬರೆಯುವ ಪತ್ರ, ಮತ್ತು ಅದು ಹಿಂತಿರುಗುವ ದಾರಿ

ಅಮೆರಿಕದಲ್ಲಿ ಕೆರ್ ವೈಟ್ ಮತ್ತು ಸಂಗಡಿಗರು 1961ರಲ್ಲಿ ಪ್ರಕಟಿಸಿದ ಲೆಕ್ಕ ಇದು. ಒಂದು ಸಾವಿರ ವಯಸ್ಕರಲ್ಲಿ, ಒಂದು ತಿಂಗಳಲ್ಲಿ, ಏನಾದರೊಂದು ಕಾಯಿಲೆಯೋ ಗಾಯವೋ ಆಗುವವರು 750. ವೈದ್ಯರ ಬಳಿ ಹೋಗುವವರು 250. ಆಸ್ಪತ್ರೆಗೆ ದಾಖಲಾಗುವವರು 9. ಇನ್ನೊಬ್ಬ ವೈದ್ಯರ ಬಳಿ ಕಳುಹಿಸಿಕೊಳ್ಳುವವರು 5. ದೊಡ್ಡ ಬೋಧನಾ ಆಸ್ಪತ್ರೆ ಮುಟ್ಟುವವರು ಒಬ್ಬರು. ಕಾಲ, ದೇಶ ಬದಲಾದಂತೆ ಸಂಖ್ಯೆಗಳು ಬದಲಾಗುತ್ತವೆ, ಆಕಾರ ಹೀಗೆಯೇ ಇರುತ್ತದೆ. ಮುಂದಕ್ಕೆ ಹೋಗುವವರು ಕೆಲವರೇ ಆದ್ದರಿಂದ ಅವರನ್ನು ಬೆರಳೆಣಿಸಿ ಹಿಂಬಾಲಿಸಲು ಯಾವ ಕ್ಲಿನಿಕ್‌ಗೂ ಸಾಧ್ಯ.

"ಏದುಸಿರು, ದಯವಿಟ್ಟು ನೋಡಿ" ಎಂಬ ಒಂದು ಸಾಲಿನ ಪತ್ರ ತಜ್ಞರಿಗೆ ಏನನ್ನೂ ಹೇಳುವುದಿಲ್ಲ. ಅವರು ಎಲ್ಲ ಪರೀಕ್ಷೆಗಳನ್ನೂ ಮತ್ತೆ ಬರೆಯುತ್ತಾರೆ. ಅಮೆರಿಕದ ನೌಕಾಪಡೆಯ ಪರಮಾಣು ಜಲಾಂತರ್ಗಾಮಿಗಳಲ್ಲಿ ಹುಟ್ಟಿ ಆಸ್ಪತ್ರೆಗಳಿಗೆ ಬಂದ ಒಂದು ಕ್ರಮ ಇದೆ: ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತದೆ, ನಿಮ್ಮಿಂದ ಏನು ಬೇಕು. ಆ ಕ್ರಮದಲ್ಲಿ ಬರೆದ ಪತ್ರ ಹೀಗಿರುತ್ತದೆ:

"58 ವರ್ಷದ ಮಹಿಳೆ. ಎರಡು ತಿಂಗಳಿಂದ ಮೆಟ್ಟಿಲು ಹತ್ತುವಾಗ ಏದುಸಿರು, ಮಲಗಲು ಎರಡು ದಿಂಬು ಬೇಕು, ಸಂಜೆಗೆ ಕಾಲು ಊದುತ್ತದೆ. ಹತ್ತು ವರ್ಷದಿಂದ ಬಿಪಿ ಮತ್ತು ಮಧುಮೇಹ ಇದೆ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ, ಕಳೆದ ವಾರದ ಕಿಡ್ನಿ ಪರೀಕ್ಷೆ, ಇಸಿಜಿ ಜೊತೆಗಿವೆ. ಹೃದಯ ವೈಫಲ್ಯದ ಅನುಮಾನವಿದೆ. ಎಕೋ ಮಾಡಿ ಖಚಿತಪಡಿಸಿ, ಚಿಕಿತ್ಸೆ ಸೂಚಿಸಿ. ಆಮೇಲಿನ ರಕ್ತ ಪರೀಕ್ಷೆಗಳನ್ನೂ ಮಾತ್ರೆಯ ಪ್ರಮಾಣ ಹೊಂದಿಸುವುದನ್ನೂ ನಾವು ಇಲ್ಲಿ ನೋಡಿಕೊಳ್ಳುತ್ತೇವೆ."

ಕೊನೆಯ ವಾಕ್ಯ ಬಹಳ ಮುಖ್ಯ. ಯಾರು ಏನು ಮಾಡುತ್ತಾರೆ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ. ಅದು ಇಲ್ಲದೆ ಹೋದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತಾಗಿ, ನಡುವೆ ರೋಗಿ ಸಿಕ್ಕಿಕೊಳ್ಳುತ್ತಾರೆ. ಪತ್ರದ ಒಂದು ಪ್ರತಿ ರೋಗಿಯ ಕೈಯಲ್ಲೂ ಇರಲಿ.

ಪತ್ರ ಕಳುಹಿಸಿದಲ್ಲಿಗೆ ಕೆಲಸ ಮುಗಿಯಲಿಲ್ಲ. ಒಂದು ರಿಜಿಸ್ಟರ್ ಇಡಿ, ಪುಸ್ತಕವಾದರೂ ಸರಿ, ಕಂಪ್ಯೂಟರ್ ಹಾಳೆಯಾದರೂ ಸರಿ. ಐದು ಅಂಕಣ: ಕಳುಹಿಸಿದ ದಿನ, ತಜ್ಞರ ಸಮಯ ಸಿಕ್ಕಿತೇ, ರೋಗಿ ಹೋದರೇ, ಉತ್ತರ ಬಂತೇ, ಉತ್ತರವನ್ನು ರೋಗಿಗೆ ವಿವರಿಸಿದಿರಾ. ಐದನೆಯದು ತುಂಬುವವರೆಗೆ ಆ ಸಾಲಿಗೆ ಗೆರೆ ಎಳೆಯಬಾರದು. ವಾರಕ್ಕೊಮ್ಮೆ, ನಿಗದಿಯಾದ ಹೊತ್ತಿಗೆ, ಒಬ್ಬರು ಕುಳಿತು ಖಾಲಿ ಅಂಕಣಗಳನ್ನು ಓದಬೇಕು. ಆ ಒಬ್ಬರ ಹೆಸರು ರಿಜಿಸ್ಟರ್‌ನ ಮುಖಪುಟದ ಮೇಲಿರಲಿ. ಕ್ಯಾನ್ಸರ್ ಅನುಮಾನದ ಪತ್ರಗಳಿಗೆ ಬೇರೆ ಬಣ್ಣ ಕೊಡಿ. ಅವುಗಳ ವಿಷಯದಲ್ಲಿ ಪತ್ರವನ್ನು ನಂಬಿ ಕೂರದೆ ಫೋನ್ ಮಾಡಿ ಸಮಯ ಪಡೆಯಿರಿ.

ಪರೀಕ್ಷೆಯ ವರದಿಗಳಿಗೂ ಇದೇ ನಿಯಮ. "ಏನೂ ಹೇಳದಿದ್ದರೆ ಎಲ್ಲ ಸರಿ ಇದೆ ಎಂದುಕೊಳ್ಳಿ" ಎಂದು ರೋಗಿಗೆ ಹೇಳುವುದನ್ನು ಇವತ್ತೇ ನಿಲ್ಲಿಸಿ. ವರದಿ ಬಾರದೇ ಇದ್ದರೂ ಯಾರೂ ಏನೂ ಹೇಳುವುದಿಲ್ಲ. ಪರೀಕ್ಷೆ ಬರೆದವರೇ ಫಲಿತಾಂಶಕ್ಕೆ ಹೊಣೆ. ಅವರು ರಜೆಯಲ್ಲಿದ್ದರೆ ಜೋಡಿ ವೈದ್ಯರು.

ಹಂತ 7: ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರ

ಎಳೆ ಕಡಿಯುವುದು ಹೆಚ್ಚಾಗಿ ಇಲ್ಲಿ. ಆಸ್ಪತ್ರೆಯಲ್ಲಿ ಮಾತ್ರೆ ಬದಲಾಗಿರುತ್ತದೆ, ಮನೆಯಲ್ಲಿ ಹಳೆಯದು ಇನ್ನೂ ಇರುತ್ತದೆ. ಏನನ್ನು ನಿಲ್ಲಿಸಬೇಕು ಎಂದು ಹೇಳಿದ್ದರೂ ನೋವು, ನಿದ್ದೆಗೇಡು, ಮನೆಗೆ ಹೋಗುವ ಆತುರದಲ್ಲಿ ಅದು ತಲೆಯಲ್ಲಿ ಉಳಿದಿರುವುದಿಲ್ಲ.

ನಿಮ್ಮ ರೋಗಿಗಳು ಹೆಚ್ಚಾಗಿ ದಾಖಲಾಗುವ ಆಸ್ಪತ್ರೆಗಳಲ್ಲಿ ಡಿಸ್ಚಾರ್ಜ್ ನೋಡಿಕೊಳ್ಳುವವರ ಪರಿಚಯ ಮಾಡಿಕೊಳ್ಳಿ. ರೋಗಿ ಹೊರಟ ದಿನವೇ ಸಾರಾಂಶದ ಪ್ರತಿ ನಿಮಗೆ ಬರುವಂತೆ ಕೇಳಿ. ಬಂದ ಎರಡು ಮೂರು ದಿನದೊಳಗೆ ನರ್ಸ್ ಒಂದು ಕರೆ ಮಾಡಲಿ: ಹೊಸ ಮಾತ್ರೆ ಸಿಕ್ಕಿತೇ, ಹಳೆಯ ಯಾವುದನ್ನು ಬಿಟ್ಟಿದ್ದೀರಿ, ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು ಎಂದು ಹೇಳಿದ್ದಾರೆ? ಒಂದು ವಾರದೊಳಗೆ ತಮ್ಮ ವೈದ್ಯರ ಜೊತೆ ಭೇಟಿ ಆಗಲಿ. ಏಳಲಾಗದವರಿದ್ದರೆ ಮನೆಗೇ ಹೋಗಿ ನೋಡಿ.

ಆ ಭೇಟಿಗೆ "ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ" ಎಂದು ಹೇಳಿ. ಎಲ್ಲವನ್ನೂ ಎಂದರೆ ಅಂಗಡಿಯಿಂದ ತಾವೇ ತಂದ ನೋವಿನ ಮಾತ್ರೆ, ಗಿಡಮೂಲಿಕೆಯ ಪುಡಿ, ನೆರೆಯವರು ಕೊಟ್ಟದ್ದು ಕೂಡ. ಮೇಜಿನ ಮೇಲೆ ಸುರಿದು ಮೂರು ಗುಂಪು ಮಾಡಿ: ಮುಂದುವರಿಯುವುದು, ನಿಂತದ್ದು, ಹೊಸದು. ನಿಂತದ್ದರ ಮುಂದೆ ಕಾರಣ, ಹೊಸದರ ಮುಂದೆ ಎಷ್ಟು ದಿನ ಎಂದು ಬರೆಯಿರಿ. ಕಂಪನಿ ಇಟ್ಟ ಹೆಸರಿನ ಜೊತೆಗೆ ಔಷಧದ ಮೂಲ ಹೆಸರನ್ನೂ ಬರೆಯಿರಿ. ಒಂದೇ ಔಷಧ ಎರಡು ಹೆಸರಿನಲ್ಲಿ ನುಸುಳಿದರೆ ಆಗ ಸಿಕ್ಕಿಬೀಳುತ್ತದೆ. ಒಂದು ಪ್ರತಿ ರೋಗಿಗೆ, ಒಂದು ಕಡತಕ್ಕೆ, ಒಂದು ಔಷಧ ಅಂಗಡಿಗೆ. ಕೊನೆಗೆ, "ಬೆಳಿಗ್ಗೆ ಯಾವುದು, ರಾತ್ರಿ ಯಾವುದು, ನೀವೇ ಹೇಳಿ ನೋಡೋಣ" ಎಂದು ಕೇಳಿ. ಅವರು ತಡವರಿಸಿದರೆ ನಾವು ಸರಿಯಾಗಿ ವಿವರಿಸಿಲ್ಲ ಎಂದು ತಿಳಿದು ಮತ್ತೊಮ್ಮೆ ಹೇಳಬೇಕು. ಔಷಧಗಳಿಂದ ಆಗುವ ಹಾನಿಯನ್ನು ತಗ್ಗಿಸಲು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆರಂಭಿಸಿದ ಅಭಿಯಾನವೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ರೋಗಿ ದಾಟುವ ಇಂಥ ಹೊತ್ತನ್ನೇ ವಿಶೇಷ ಅಪಾಯದ ಹೊತ್ತು ಎಂದು ಗುರುತಿಸಿದೆ.

ಆರಂಭದಲ್ಲಿ ಹೇಳಿದ ಹಿರಿಯರ ಚೀಲದ ಮುಂದೆ ವೈದ್ಯರು ಮುಕ್ಕಾಲು ಗಂಟೆ ಕುಳಿತರು, ಹೃದಯ ತಜ್ಞರಿಗೆ ಅಲ್ಲಿಂದಲೇ ಫೋನ್ ಮಾಡಿದರು. ಹದಿನಾಲ್ಕು ಒಂಬತ್ತಾಯಿತು. ತಲೆಸುತ್ತಿನ ಮಾತ್ರೆಯೂ ಹೋಯಿತು, ತಲೆಸುತ್ತೂ ಹೋಯಿತು. (ಓದುತ್ತಿರುವ ರೋಗಿಗಳಿಗೆ ಒಂದು ಮಾತು: ಅನುಮಾನ ಬಂದರೆ ಚೀಲ ಹಿಡಿದು ವೈದ್ಯರ ಬಳಿ ಹೋಗಿ. ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ; ಕೆಲವನ್ನು ಹಠಾತ್ ಬಿಟ್ಟರೆ ಅಪಾಯ.)

ಹಂತ 8: ನಾಲ್ಕೇ ಸಂಖ್ಯೆ ಅಳೆಯಿರಿ

ಪ್ರತಿ ವೈದ್ಯರ ಮೂರನೆಯ ಖಾಲಿ ಸಮಯ ಎಷ್ಟು ದಿನ ದೂರದಲ್ಲಿದೆ ಎಂದು ವಾರಕ್ಕೊಮ್ಮೆ ನೋಡಿ. ಮೊದಲೆರಡು ಖಾಲಿ ಜಾಗಗಳು ಯಾರೋ ಬರುವುದಿಲ್ಲ ಎಂದದ್ದರಿಂದ ಹುಟ್ಟಿರಬಹುದು, ಮೂರನೆಯದು ನಿಜ ಹೇಳುತ್ತದೆ. ನೂರು ಭೇಟಿಗಳಲ್ಲಿ ಎಷ್ಟು ತಮ್ಮ ವೈದ್ಯರ ಜೊತೆಗೇ ಆದವು ಎಂಬುದು ಎರಡನೆಯದು. ತಜ್ಞರ ಉತ್ತರ ಬಂದು ರೋಗಿಗೆ ವಿವರಿಸಿದ ಪತ್ರಗಳ ಪಾಲು ಮೂರನೆಯದು. ಆಸ್ಪತ್ರೆಯಿಂದ ಬಂದವರಲ್ಲಿ ವಾರದೊಳಗೆ ನೋಡಿದವರ ಪಾಲು ನಾಲ್ಕನೆಯದು. ಮೊದಲ ಸಂಖ್ಯೆ ಸುಧಾರಿಸುತ್ತಿದ್ದು ಎರಡನೆಯದು ಕುಸಿಯುತ್ತಿದ್ದರೆ ಎಚ್ಚರ: ಬಾಗಿಲು ತೆರೆದಿದೆ, ಒಳಗೆ ಪರಿಚಿತರು ಯಾರೂ ಇಲ್ಲ. ಈ ಸಂಖ್ಯೆಗಳನ್ನು ಯಾರನ್ನಾದರೂ ಗದರಿಸಲು ಬಳಸಿದ ದಿನದಿಂದ ಅವು ಸುಳ್ಳು ಹೇಳತೊಡಗುತ್ತವೆ.

ಹಂತ 9: ವೈದ್ಯರು ಬಿಟ್ಟುಹೋಗುವಾಗ

ಮಹಾನಗರದಲ್ಲಿ ವೈದ್ಯರು ಕೆಲಸ ಬದಲಿಸುತ್ತಾರೆ, ಓದಲು ಹೋಗುತ್ತಾರೆ, ಹೆರಿಗೆ ರಜೆಗೆ ಹೋಗುತ್ತಾರೆ. ಇಷ್ಟು ದಿನ ಕಟ್ಟಿದ್ದು ಒಂದೇ ದಿನದಲ್ಲಿ ಬಿಚ್ಚಿಹೋಗಬಾರದು. ಹೋಗುವ ವಿಷಯ ಖಚಿತವಾದ ಕೂಡಲೇ ಅವರ ಪಟ್ಟಿಯಿಂದ ಅತಿ ಹೆಚ್ಚು ನಿಗಾ ಬೇಕಾದ ಮೂವತ್ತು ಮಂದಿಯನ್ನು ಆರಿಸಿ: ಐದಕ್ಕಿಂತ ಹೆಚ್ಚು ಔಷಧ ತೆಗೆದುಕೊಳ್ಳುವವರು, ಕೊನೆಯ ದಿನಗಳ ಆರೈಕೆಯಲ್ಲಿರುವವರು, ತುಂಬು ಖಿನ್ನತೆಯವರು, ಕಾರಣ ಇನ್ನೂ ತಿಳಿಯದ ಕಾಯಿಲೆಯವರು. ಒಬ್ಬೊಬ್ಬರ ಬಗ್ಗೆ ಅರ್ಧ ಪುಟದ ಟಿಪ್ಪಣಿ ಬರೆಯಲು ಹೋಗುವವರಿಗೆ ರೋಗಿಗಳಿಲ್ಲದ ಎರಡು ಮಧ್ಯಾಹ್ನ ಬಿಡುವು ಕೊಡಿ. ಕಾಯಿಲೆಯ ವಿವರ ಹೇಗೂ ಕಡತದಲ್ಲಿರುತ್ತದೆ. ಟಿಪ್ಪಣಿಯಲ್ಲಿ ಬೇಕಾದದ್ದು ಕಡತದಲ್ಲಿ ಇಲ್ಲದ್ದು. ಇವರು ನೋವನ್ನು ಯಾವಾಗಲೂ ಕಡಿಮೆ ಮಾಡಿ ಹೇಳುತ್ತಾರೆ. ಇವರಿಗೆ ಮಗನ ಎದುರು ಮಾತಾಡಲು ಇಷ್ಟವಿಲ್ಲ. ಇವರು ಸೂಜಿಗೆ ಹೆದರುತ್ತಾರೆ, ಮೊದಲೇ ಹೇಳಿ.

ಸಾಧ್ಯವಾದಷ್ಟು ಮಂದಿಗೆ ಒಂದು ಭೇಟಿ ಇಬ್ಬರು ವೈದ್ಯರೂ ಒಟ್ಟಿಗೆ ಕುಳಿತಾಗ ಆಗಲಿ. ಹಳೆಯ ವೈದ್ಯರು ರೋಗಿಯ ಕಥೆಯನ್ನು ರೋಗಿಯ ಎದುರಿನಲ್ಲಿಯೇ ಹೊಸಬರಿಗೆ ಹೇಳಲಿ, ರೋಗಿ ತಿದ್ದಲಿ. ಅದಾದ ಮೇಲೆ ಕೌಂಟರ್‌ನಲ್ಲಿ ಅವರ ಹೆಸರಿನ ಪಕ್ಕದ ಹೆಸರನ್ನು ಬದಲಿಸಿ, ಹೊಸ ಹೆಸರನ್ನೂ ಹೊಸ ವೈದ್ಯರು ಸಿಗುವ ದಿನಗಳನ್ನೂ ಒಂದು ಚೀಟಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ಅವರ ಕೈಗೆ ಕೊಡಿ.